ತಾರೀಕು ಒಂದು, ತಿಥಿ ಇನ್ನೊಂದು: ಐರ್ಲೆಂಡ್ ತನ್ನವರನ್ನು ನೆನೆಯುವ ಬಗೆ

ಕಳೆದ ಭಾನುವಾರ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಐರ್ಲೆಂಡಿನ ಬಗ್ಗೆ ಒಂದು ಗಂಟೆ ಮಾತಾಡಿದೆ. ಬರಲಾಗದ ಕೆಲವರು ಬರೆದು ಕೊಡಿ ಅಂದರು. ಮಾತಾಡಿದ ಹಾಗೇ ಬರೆದಿದ್ದೇನೆ. ಆವತ್ತು ಸಮಯ ಸಾಲದೆ ಬಿಟ್ಟದ್ದನ್ನೂ ಅಲ್ಲಲ್ಲಿ ಸೇರಿಸಿದ್ದೇನೆ.

ಮೊದಲು ಒಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಹಿರಿಯರು ತೀರಿಕೊಂಡ ದಿನವನ್ನು ವರ್ಷ ವರ್ಷ ನೆನೆಯುವಾಗ ತಾರೀಕು ನೋಡುತ್ತೀರಾ, ತಿಥಿ ನೋಡುತ್ತೀರಾ? ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ತಡ ಮಾಡದೆ "ತಿಥಿ" ಅಂದರು. ಹೌದು, ನಮ್ಮಲ್ಲಿ ಬಹಳ ಮನೆಗಳಲ್ಲಿ ಲೆಕ್ಕ ಚಂದ್ರನದ್ದು. ಅದಕ್ಕೇ ಆ ದಿನ ಪ್ರತಿ ವರ್ಷ ಕ್ಯಾಲೆಂಡರಿನಲ್ಲಿ ಜಾಗ ಬದಲಿಸುತ್ತದೆ. ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ಅಮ್ಮ ಅದನ್ನು ಹುಡುಕಿ ಗುರುತು ಹಾಕಿಡುತ್ತಾರೆ, ಅಲ್ವಾ?

ಐರ್ಲೆಂಡಿನ ದೊಡ್ಡ ನೆನಪಿನ ದಿನವೂ ಹೀಗೇ ಜಾಗ ಬದಲಿಸುತ್ತದೆ. 1916ರ ಏಪ್ರಿಲ್ 24, ಸೋಮವಾರ. ಈಸ್ಟರ್ ಹಬ್ಬದ ಮರುದಿನ. ಡಬ್ಲಿನ್ ನಗರದ ದೊಡ್ಡ ಅಂಚೆ ಕಚೇರಿಯನ್ನು, ಅವರೂ ಅದನ್ನು ಜಿಪಿಒ ಅಂತಲೇ ಕರೆಯುತ್ತಾರೆ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಬಂಡಾಯಗಾರರು ವಶಪಡಿಸಿಕೊಂಡರು. ಪ್ಯಾಟ್ರಿಕ್ ಪಿಯರ್ಸ್ ಎಂಬ ಶಾಲಾ ಮೇಷ್ಟ್ರು ಅದರ ಮುಂದೆ ನಿಂತು ಐರ್ಲೆಂಡ್ ಇನ್ನು ಗಣರಾಜ್ಯ ಅಂತ ಘೋಷಣೆ ಓದಿದರು. ಆರು ದಿನ ಕಾದಾಟ ನಡೆಯಿತು. ಶನಿವಾರ, 29ಕ್ಕೆ, ಶರಣಾದರು. ಮೇ 3ರಿಂದ 12ರ ಒಳಗೆ ಬ್ರಿಟಿಷರು ಅವರಲ್ಲಿ 15 ಜನರನ್ನು ನಿಲ್ಲಿಸಿ ಗುಂಡಿಟ್ಟು ಕೊಂದರು. ಕಾಲಿಗೆ ಗಾಯವಾಗಿ ನಿಲ್ಲಲಾರದ ಇನ್ನೊಬ್ಬ ನಾಯಕ ಜೇಮ್ಸ್ ಕಾನಲಿಯನ್ನು ಕುರ್ಚಿಯಲ್ಲಿ ಕೂರಿಸಿ ಕೊಂದರು. ಬಂಡಾಯ ನಡೆದಾಗ ಡಬ್ಲಿನ್ನಿನ ಜನರಲ್ಲಿ ಎಷ್ಟೋ ಮಂದಿಗೆ ಅದು ಬೇಕಿರಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಜೈಲಿನ ಅಂಗಳದಲ್ಲಿ ಒಬ್ಬೊಬ್ಬರನ್ನಾಗಿ ಕೊಂದ ಆ ಹತ್ತು ದಿನ ಜನರ ಮನಸ್ಸನ್ನು ತಿರುಗಿಸಿಬಿಟ್ಟಿತು.

ಆದರೆ ಇದರ ನೆನಪಿನ ಮುಖ್ಯ ಆಚರಣೆ ಏಪ್ರಿಲ್ 24ಕ್ಕೆ ಅಲ್ಲ. ಈಸ್ಟರ್ ಯಾವಾಗ ಬರುತ್ತದೋ ಆಗ. ಈಸ್ಟರ್ ಅಂದರೆ ವಸಂತದ ಹುಣ್ಣಿಮೆ ಕಳೆದ ಮೇಲೆ ಬರುವ ಮೊದಲ ಭಾನುವಾರ. ಅಂದರೆ ಅಲ್ಲೂ ಲೆಕ್ಕ ಚಂದ್ರನದ್ದೇ. ಅದಕ್ಕೇ 50ನೇ ವರ್ಷವನ್ನು 1966ರ ಏಪ್ರಿಲ್ 10ಕ್ಕೆ ಮಾಡಿದರು, ನೂರನೇ ವರ್ಷವನ್ನು 2016ರ ಮಾರ್ಚ್ 27ಕ್ಕೆ. ಇದು ಗೊತ್ತಾದಾಗ ನನಗೆ ಆ ದೇಶ ಇದ್ದಕ್ಕಿದ್ದಂತೆ ಹತ್ತಿರವಾಯಿತು. ಅಲ್ಲಿನವರಿಗೂ ಒಂದು ಸಾವು ನೆನಪಾಗುವುದು ಋತುವಿನ ಜೊತೆ, ಹಬ್ಬದ ಜೊತೆ.

ಕೆಲಸದ ಮೇಲೆ ಡಬ್ಲಿನ್‌ನಲ್ಲಿ ಆರು ವರ್ಷ ಇದ್ದೆ. 2016ರ ಆ ಭಾನುವಾರ ನಾನೂ ಓಕಾನೆಲ್ ಬೀದಿಯ ಜನರ ನಡುವೆ ನಿಂತಿದ್ದೆ. ಮಧ್ಯಾಹ್ನ 12ಕ್ಕೆ ಜಿಪಿಒ ಮೇಲಿನ ಬಾವುಟವನ್ನು ಅರ್ಧಕ್ಕೆ ಇಳಿಸಿದರು. ಸೇನೆಯ ಒಬ್ಬ ಕ್ಯಾಪ್ಟನ್ ಬಂದು ಅದೇ ಘೋಷಣೆಯನ್ನು ಓದಿದರು. ಅಧ್ಯಕ್ಷ ಮೈಕಲ್ ಡಿ. ಹಿಗಿನ್ಸ್ ಹೂವಿನ ಚಕ್ರ ಇಟ್ಟರು. ಒಂದು ನಿಮಿಷ ಮೌನ. ಅಷ್ಟು ದೊಡ್ಡ ಜನಸಾಗರ ಅಷ್ಟು ಸುಮ್ಮನಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಘೋಷಣೆಯಲ್ಲಿ ರಾಷ್ಟ್ರದ ಎಲ್ಲ ಮಕ್ಕಳನ್ನೂ ಸಮನಾಗಿ ಪೋಷಿಸುತ್ತೇವೆ ಅನ್ನುವ ಮಾತಿದೆ. ಬರೆದವರು ಮಕ್ಕಳು ಅಂದದ್ದು ಎಲ್ಲ ಪ್ರಜೆಗಳನ್ನು, ಯಾವ ಧರ್ಮದವರೇ ಆಗಲಿ. ಈಗ ಈ ಮಾತಿನ ಪಕ್ಕದಲ್ಲಿ ಒಂದು ಲೆಕ್ಕ ಇಡುತ್ತೇನೆ. ಆ ವಾರ ಸತ್ತವರು ಸುಮಾರು 485. ಅರ್ಧಕ್ಕಿಂತ ಜಾಸ್ತಿ ಜನ ಯಾವ ಪಕ್ಷಕ್ಕೂ ಸೇರದ ಊರಿನವರು. ಅವರಲ್ಲಿ 40 ಮಂದಿ 16 ದಾಟದ ಮಕ್ಕಳು. ಮೊದಲ ದಿನವೇ ಚರ್ಚ್ ಬೀದಿಯಲ್ಲಿ, ತಾಯಿ ತಳ್ಳಿಕೊಂಡು ಹೋಗುತ್ತಿದ್ದ ಗಾಡಿಯಲ್ಲಿ ಕೂತಿದ್ದ, ಮೂರು ವರ್ಷ ಇನ್ನೂ ತುಂಬದ ಒಂದು ಮಗುವಿಗೆ ಗುಂಡು ತಗುಲಿತು. ಈ 40 ಮಕ್ಕಳ ಹೆಸರನ್ನು ಒಟ್ಟು ಮಾಡಿ ದೇಶದ ಮುಂದೆ ಇಡಲು ಹೆಚ್ಚು ಕಡಿಮೆ ನೂರು ವರ್ಷ ಬೇಕಾಯಿತು. ಒಬ್ಬ ರೇಡಿಯೋ ನಿರೂಪಕರು ಕೂತು ದಾಖಲೆ ಹುಡುಕಿ, ಮನೆಗಳನ್ನು ಹುಡುಕಿ, ಅದನ್ನು ಮಾಡಿದರು. ಗುಂಡಿಗೆ ಬಲಿಯಾದ ನಾಯಕರ ಹೆಸರು ರೈಲು ನಿಲ್ದಾಣಗಳಿಗೆ ಇದೆ. ಮಕ್ಕಳ ಹೆಸರು ಮನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ. ಒಂದು ನೆನಪಿನ ದಿನ ಮತ್ತೆ ಮತ್ತೆ ಬರುತ್ತದೆ, ಸರಿ. ಪ್ರತಿ ಸಲ ಬಂದಾಗ ಎಲೆ ಎಷ್ಟು ಹಾಕುತ್ತಾರೆ, ಯಾರಿಗೆಲ್ಲ ಹಾಕುತ್ತಾರೆ ಅನ್ನುವುದನ್ನು ನೋಡಬೇಕು. ಐರ್ಲೆಂಡಿನಲ್ಲಿ ಆ ಪಂಕ್ತಿ ಹೇಗೆ ಉದ್ದವಾಯಿತು ಅನ್ನುವುದನ್ನು ನಾನು ಸ್ವಲ್ಪ ಹತ್ತಿರದಿಂದ ಕಂಡೆ.

ನಾನಿದ್ದ ಮನೆಯ ಮಾಲೀಕರ ತಾಯಿ ಕೆಳಗಿನ ಮಹಡಿಯಲ್ಲಿದ್ದರು. ಅಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನನಗೆ ಬಾಯಿ ಬರುತ್ತಿರಲಿಲ್ಲ, ಅಜ್ಜಿ ಅಂದರೆ ಏನು ಅಂತ ಹೇಳಿಕೊಟ್ಟು ಅಜ್ಜಿ ಅಂತಲೇ ಕರೆದೆ. 1966ರ ಸುವರ್ಣೋತ್ಸವದಲ್ಲಿ ಅವರು ಶಾಲಾ ಹುಡುಗಿ. ಘೋಷಣೆಯನ್ನು ಬಾಯಿಪಾಠ ಮಾಡಿಸಿದ್ದರಂತೆ. ಐವತ್ತು ವರ್ಷ ಆದ ಮೇಲೂ ಅಡುಗೆಮನೆಯಲ್ಲಿ ನಿಂತು ಅರ್ಧ ಹೇಳಿ ತೋರಿಸಿದರು. ಆಮೇಲೆ ಬಿಸ್ಕತ್ತಿನ ಒಂದು ಹಳೆಯ ಡಬ್ಬಿ ತೆಗೆದರು. ಒಳಗೆ ಅವರ ತಾತನ ಪದಕಗಳು. ತಾತ 1916ರಲ್ಲಿ ಡಬ್ಲಿನ್‌ನಲ್ಲಿ ಇರಲಿಲ್ಲ, ಬ್ರಿಟಿಷ್ ಸಮವಸ್ತ್ರ ಹಾಕಿ ಫ್ರಾನ್ಸಿನಲ್ಲಿದ್ದರು. ಬದುಕಿ ವಾಪಸ್ ಬಂದರು. ಬಂದಾಗ ಊರು ಬೇರೆಯಾಗಿತ್ತು. ಮನೆಯಲ್ಲಿ ಅದರ ಮಾತೇ ಎತ್ತುತ್ತಿರಲಿಲ್ಲ. ಆ ಡಬ್ಬಿ ಬೀರುವಿನ ಮೇಲೆ ಹಿಂದಕ್ಕೆ ತಳ್ಳಿ ಇಟ್ಟಲ್ಲೇ ಇತ್ತು.

ಇಂಥ ಡಬ್ಬಿಗಳು ಐರ್ಲೆಂಡಿನಲ್ಲಿ ಸಾವಿರಾರು. ಮೊದಲ ಮಹಾಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಐರಿಷ್ ಜನ ಬ್ರಿಟಿಷ್ ಸೇನೆಯಲ್ಲಿದ್ದರು. ಬಂಡಾಯ ನಡೆದ ಅದೇ ವಾರ, ಏಪ್ರಿಲ್ 27ರಿಂದ 29, ಫ್ರಾನ್ಸಿನ ಹುಲುಕ್ ಎಂಬಲ್ಲಿ ಜರ್ಮನರು ಬಿಟ್ಟ ವಿಷಾನಿಲಕ್ಕೆ 16ನೇ ಐರಿಷ್ ಡಿವಿಷನ್ನಿನ ನೂರಾರು ಹುಡುಗರು ಬಲಿಯಾದರು. ಅದೇ ದೇಶದವರು, ಎಷ್ಟೋ ಸಲ ಅದೇ ಬೀದಿಯವರು. ಒಬ್ಬರಿಗೆ ಹಾಡು ಕಟ್ಟಿದರು, ಇನ್ನೊಬ್ಬರನ್ನು ಡಬ್ಬಿಗೆ ಹಾಕಿದರು. ಡಬ್ಲಿನ್ನಿನ ಐಲೆಂಡ್‌ಬ್ರಿಜ್‌ನಲ್ಲಿ ಇವರಿಗೊಂದು ಸ್ಮಾರಕ ಉದ್ಯಾನ ಇದೆ. ಕಟ್ಟಿದ್ದು ಲಟ್ಯೆನ್ಸ್, ನಮ್ಮ ದೆಹಲಿಯ ಇಂಡಿಯಾ ಗೇಟ್ ಕಟ್ಟಿದವರೇ. ವರ್ಷಾನುಗಟ್ಟಲೆ ಅದು ಪಾಳು ಬಿದ್ದಿತ್ತು. 1980ರ ದಶಕದಲ್ಲಿ ದುರಸ್ತಿ ಮಾಡಿದರು. 2011ರ ಮೇ ತಿಂಗಳಲ್ಲಿ ರಾಣಿ ಎಲಿಜಬೆತ್ ಬಂದಾಗ ಅಲ್ಲೂ ಹೋದರು. ಬ್ರಿಟಿಷರ ವಿರುದ್ಧ ಹೋರಾಡಿ ಸತ್ತವರ ಉದ್ಯಾನಕ್ಕೂ ಹೋಗಿ ತಲೆ ಬಾಗಿದರು. ಬ್ರಿಟಿಷ್ ದೊರೆ ಒಬ್ಬರು ಡಬ್ಲಿನ್‌ಗೆ ಬಂದು ಆಗ ನೂರು ವರ್ಷವಾಗಿತ್ತು.

2016ರಲ್ಲಿ ಅಜ್ಜಿ ಆ ಪದಕಗಳನ್ನು ಡಬ್ಬಿಯಿಂದ ತೆಗೆದು ಒರೆಸಿ ಅಡುಗೆಮನೆಯ ಕಿಟಕಿಯ ಹತ್ತಿರ ಇಟ್ಟರು. ಯಾರೂ ಕೇಳಲಿಲ್ಲ, ಅವರೂ ಏನೂ ಹೇಳಲಿಲ್ಲ.

ಹೆಂಗಸರ ಕಥೆ ಇನ್ನೂ ನೋವಿನದು. ಶರಣಾಗತಿಯ ಬಿಳಿ ಬಾವುಟ ಹಿಡಿದು, ಗುಂಡು ಹಾರುತ್ತಿದ್ದ ಬೀದಿಗೆ ಒಬ್ಬರೇ ಇಳಿದವರು ಎಲಿಜಬೆತ್ ಒಫಾರೆಲ್, ಒಬ್ಬ ನರ್ಸ್. ಪಿಯರ್ಸ್ ಬ್ರಿಟಿಷ್ ಜನರಲ್ ಎದುರು ನಿಂತ ಫೋಟೋ ಬಹಳ ಪ್ರಸಿದ್ಧ. ಅದರಲ್ಲಿ ಅವರು ಪಿಯರ್ಸ್ ಪಕ್ಕದಲ್ಲೇ ಇದ್ದಾರೆ, ಆದರೆ ಕಾಣುವುದು ಅವರ ಪಾದ ಮತ್ತು ಲಂಗದ ಅಂಚು ಮಾತ್ರ. ಕೆಲವು ಕಡೆ ಅಚ್ಚು ಹಾಕುವಾಗ ಆ ಪಾದವನ್ನೂ ಅಳಿಸಿಬಿಟ್ಟರು. ಮಾರ್ಗರೆಟ್ ಸ್ಕಿನಿಡರ್ ಅಂತ ಇನ್ನೊಬ್ಬರು, ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಟೀಚರ್. ಬಂದೂಕು ಹಿಡಿದು ಹೋರಾಡಿ ಮೂರು ಗುಂಡು ತಿಂದರು. 1925ರಲ್ಲಿ ಪಿಂಚಣಿ ಕೇಳಿದಾಗ, ಕಾನೂನಿನಲ್ಲಿ ಸೈನಿಕ ಅಂದರೆ ಗಂಡಸು ಅಂತ ಹೇಳಿ ಕಳಿಸಿದರು! ಅದು ಸಿಕ್ಕಿದ್ದು 1938ರಲ್ಲಿ. ಮೂರು ಗುಂಡಿಗೆ ಹೆಂಗಸು ಗಂಡಸು ಅನ್ನುವ ಭೇದ ಗೊತ್ತಿರಲಿಲ್ಲ, ಕಚೇರಿಗೆ ಗೊತ್ತಿತ್ತು. ಶತಮಾನೋತ್ಸವದ ಹೊತ್ತಿಗೆ ಪಿಂಚಣಿ ಕಡತಗಳನ್ನು ಎಲ್ಲರಿಗೂ ತೆರೆದಿಟ್ಟರು. ಆಗಲೇ ಇಂಥ ಎಷ್ಟೋ ಅರ್ಜಿಗಳು ಹೊರಬಂದದ್ದು.

1966 ಅಂದೆನಲ್ಲ, ಅಲ್ಲಿ ನಮ್ಮದೊಂದು ಎಳೆ ಇದೆ. ವಿ.ವಿ. ಗಿರಿ ಎಲ್ಲರಿಗೂ ರಾಷ್ಟ್ರಪತಿ ಅಂತ ಗೊತ್ತು. 1913ರಿಂದ 1916ರವರೆಗೆ ಅವರು ಡಬ್ಲಿನ್‌ನಲ್ಲಿ ಕಾನೂನು ಓದುತ್ತಿದ್ದ ಹುಡುಗ. ಬಂಡಾಯದ ನಂತರ ಐರ್ಲೆಂಡ್ ಬಿಟ್ಟು ಹೊರಡಬೇಕಾಯಿತು. ಅದೇ ಗಿರಿಯವರು 1965ರಿಂದ 1967ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರು. ಅಂದರೆ ಡಬ್ಲಿನ್‌ನಲ್ಲಿ ಸುವರ್ಣೋತ್ಸವ ನಡೆಯುತ್ತಿದ್ದಾಗ, ಆ ವಸಂತದ ಡಬ್ಲಿನ್ ಕಂಡ ಒಬ್ಬರು ಬೆಂಗಳೂರಿನ ರಾಜಭವನದಲ್ಲಿದ್ದರು. ಇದನ್ನು ಹೇಳಿದಾಗ ಸಭೆಯಲ್ಲಿ ಒಂದು ಗುಜುಗುಜು ಎದ್ದಿತು. ನನಗೂ ಮೊದಲು ತಿಳಿದಾಗ ಹಾಗೇ ಆಗಿತ್ತು. ಬಂಗಾಳದಲ್ಲಂತೂ ಆ ಬಂಡಾಯ ಇನ್ನೂ ಆಳಕ್ಕೆ ಹೋಗಿತ್ತು. ಸೂರ್ಯ ಸೇನ್ ಮತ್ತು ಸಂಗಡಿಗರು ಚಿತ್ತಗಾಂಗ್ ಶಸ್ತ್ರಾಗಾರದ ಮೇಲೆ ಬಿದ್ದದ್ದು 1930ರ ಏಪ್ರಿಲ್ 18, ಶುಭ ಶುಕ್ರವಾರ, ಈಸ್ಟರ್‌ಗೆ ಎರಡು ದಿನ ಮುಂಚೆ. ಅವರೂ ತಾರೀಕು ನೋಡಲಿಲ್ಲ, ಹಬ್ಬ ನೋಡಿದರು.

ಉತ್ತರದ ಕಡೆ ಬೇಗ ಹೋಗಿ ಬರುತ್ತೇನೆ. ಈಗಲೂ ಬ್ರಿಟನ್ ಜೊತೆಗೇ ಇರುವ ಉತ್ತರ ಐರ್ಲೆಂಡಿನ ಪ್ರಾಟೆಸ್ಟೆಂಟರಿಗೆ ಜುಲೈ 12 ದೊಡ್ಡ ದಿನ. ಕಿತ್ತಳೆ ಪಟ್ಟಿ, ಡೋಲು, ಮೆರವಣಿಗೆ. 1690ರಲ್ಲಿ ಬಾಯ್ನ್ ನದಿಯ ದಡದಲ್ಲಿ ಪ್ರಾಟೆಸ್ಟೆಂಟ್ ದೊರೆ ವಿಲಿಯಂ ಕ್ಯಾಥೊಲಿಕ್ ದೊರೆ ಜೇಮ್ಸನನ್ನು ಸೋಲಿಸಿದ ನೆನಪು. ಆದರೆ ಆ ಕದನ ನಡೆದದ್ದು ಆಗಿನ ಕ್ಯಾಲೆಂಡರಿನಲ್ಲಿ ಜುಲೈ 1. ಹೊಸ ಕ್ಯಾಲೆಂಡರಿಗೆ ಸರಿಯಾಗಿ ಲೆಕ್ಕ ಹಾಕಿದರೆ 11. ಜುಲೈ 12 ಅನ್ನುವುದು ಮರುವರ್ಷ, 1691ರಲ್ಲಿ, ಓಕ್ರಿಮ್ ಎಂಬಲ್ಲಿ ನಡೆದ ಇನ್ನೂ ಹೆಚ್ಚು ರಕ್ತ ಹರಿದ ಕದನದ ಹಳೆಯ ತಾರೀಕು. ಬೀದಿಯಲ್ಲಿ ಇವತ್ತು ಹೆಜ್ಜೆ ಹಾಕುವವರಿಗೆ ಈ ಗಣಿತ ಬೇಕಿಲ್ಲ. ಬೇಕಿರುವುದು ಅಪ್ಪ ನಡೆದ ದಾರಿಯಲ್ಲಿ ನಡೆಯುವುದು. ಅದೇ ಮೆರವಣಿಗೆ ಪಕ್ಕದ ಬೀದಿಯ ಕ್ಯಾಥೊಲಿಕ್ ಮನೆಯವರಿಗೆ ಎದೆಯ ಮೇಲೆ ನಡೆದ ಹಾಗೆ. ಎರಡೂ ನಿಜ.

ಆದರೆ ಇಬ್ಬರೂ ಒಟ್ಟಿಗೆ ನಿಂತ ವರ್ಷವೂ ಒಂದಿತ್ತು, 1798. ಯುನೈಟೆಡ್ ಐರಿಷ್‌ಮೆನ್ ಅನ್ನುವ ಗುಂಪು ಹುಟ್ಟಿದ್ದು 1791ರಲ್ಲಿ ಬೆಲ್‌ಫಾಸ್ಟ್‌ನಲ್ಲಿ, ಅದರಲ್ಲಿ ಪ್ರೆಸ್ಬಿಟೇರಿಯನ್ ಪಂಥದ ಪ್ರಾಟೆಸ್ಟೆಂಟರೇ ಮುಂದಾಳುಗಳು. ಕ್ಯಾಥೊಲಿಕರನ್ನೂ ಸೇರಿಸಿಕೊಂಡು ಎಲ್ಲರ ಐರ್ಲೆಂಡ್ ಕಟ್ಟಬೇಕು ಅನ್ನುವ ಆಸೆ. 1798ರಲ್ಲಿ ಅವರು ದಂಗೆ ಎದ್ದರು. ಅದನ್ನು ಅಡಗಿಸಲು ಬ್ರಿಟಿಷರು ಡಬ್ಲಿನ್‌ಗೆ ಕಳಿಸಿದ್ದು ಯಾರನ್ನು ಗೊತ್ತಾ? ಕಾರ್ನ್‌ವಾಲಿಸ್. 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಶ್ರೀರಂಗಪಟ್ಟಣದ ಬಾಗಿಲಲ್ಲಿ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆ ಇಟ್ಟುಕೊಂಡು ಹೋದ ಅದೇ ಕಾರ್ನ್‌ವಾಲಿಸ್. 1798ರ ಸೆಪ್ಟೆಂಬರ್ 8ಕ್ಕೆ ಬ್ಯಾಲಿನಮಕ್‌ನಲ್ಲಿ ಕೊನೆಯ ದೊಡ್ಡ ಕಾದಾಟ. ಸಹಾಯಕ್ಕೆ ಬಂದಿದ್ದ ಫ್ರೆಂಚ್ ಸೈನಿಕರನ್ನು ಯುದ್ಧಕೈದಿಗಳೆಂದು ಮರ್ಯಾದೆಯಿಂದ ಕರೆದೊಯ್ದರು. ಅವರ ಜೊತೆ ನಿಂತ ಐರಿಷ್ ರೈತರನ್ನು ಅಟ್ಟಿಸಿಕೊಂಡು ಹೋಗಿ ಕೊಂದರು. ಅದರ 200ನೇ ವರ್ಷ 1998. ಅದೇ ವರ್ಷ ಏಪ್ರಿಲ್ 10ರ ಶುಭ ಶುಕ್ರವಾರ ಉತ್ತರ ಐರ್ಲೆಂಡಿನ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು.

ಇನ್ನು ಬರಗಾಲ. ಇದಕ್ಕೆ ಒಂದು ತಾರೀಕೇ ಇಲ್ಲ. 1845ರಲ್ಲಿ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ಬಂತು. 1852ರ ಹೊತ್ತಿಗೆ ಸುಮಾರು ಹತ್ತು ಲಕ್ಷ ಜನ ಸತ್ತಿದ್ದರು, ಅದಕ್ಕೂ ಹೆಚ್ಚು ಜನ ಹಡಗು ಹತ್ತಿ ಹೋಗಿದ್ದರು. ಜನ ಸಾಯುತ್ತಿದ್ದಾಗಲೂ ದೇಶದಿಂದ ಧಾನ್ಯ ಹೊರಗೆ ಹೋಗುತ್ತಲೇ ಇತ್ತು. ನಮಗೆ ಇದು ಹೊಸದಲ್ಲ. 1876-78ರ ಬರದಲ್ಲಿ ಮೈಸೂರು ಸೀಮೆ ಏನು ಕಂಡಿತು ಅನ್ನುವುದು ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಸಿವಿನಿಂದ ಸತ್ತವರಿಗೆ ಕದನದ ದಿನ ಇರುವುದಿಲ್ಲ, ಕಲ್ಲೂ ಇರುವುದಿಲ್ಲ. ಅದಕ್ಕೇ ಇರಬೇಕು, ಐರ್ಲೆಂಡ್ ಸರ್ಕಾರ ಇದಕ್ಕಾಗಿ ವರ್ಷಕ್ಕೊಂದು ರಾಷ್ಟ್ರೀಯ ದಿನ ಮಾಡಿದ್ದೇ 2008ರಲ್ಲಿ.

ಕಾರ್ಕ್ ಜಿಲ್ಲೆಯಲ್ಲಿ ಮಿಡಲ್ಟನ್ ಎಂಬ ಸಣ್ಣ ಊರಿದೆ. ಅಲ್ಲಿ ಒಂಬತ್ತು ದೊಡ್ಡ ಉಕ್ಕಿನ ಗರಿಗಳು ಆಕಾಶಕ್ಕೆ ಬಟ್ಟಲಿನ ಹಾಗೆ ತೆರೆದು ನಿಂತಿವೆ. ಅಮೆರಿಕದ ಚಾಕ್ಟಾ ಮೂಲನಿವಾಸಿಗಳ ನೆನಪಿಗೆ. 1830ರ ದಶಕದಲ್ಲಿ ಅವರನ್ನು ಅವರ ನೆಲದಿಂದ ಎಬ್ಬಿಸಿ ಓಡಿಸಿದ್ದರು, ದಾರಿಯಲ್ಲಿ ಸಾವಿರಾರು ಮಂದಿ ಸತ್ತಿದ್ದರು. 1847ರಲ್ಲಿ, ಕಂಡೇ ಇಲ್ಲದ ಐರ್ಲೆಂಡಿನ ಹಸಿವು ಕೇಳಿ, ಅವರು ತಮ್ಮಲ್ಲೇ ದುಡ್ಡು ಕೂಡಿಸಿ ಕಳಿಸಿದರು. 2020ರಲ್ಲಿ ಕೋವಿಡ್ ಬಂದು ಅಮೆರಿಕದ ನವಾಹೊ ಮತ್ತು ಹೋಪಿ ಜನ ಕಷ್ಟದಲ್ಲಿದ್ದಾಗ ಐರ್ಲೆಂಡಿನ ಸಾಮಾನ್ಯ ಜನ 1847 ನೆನೆದು ಹಣ ಹಾಕಿದರು. ನನ್ನ ಆಫೀಸಿನಲ್ಲೂ ಹಾಕಿದರು. ಆ ಗರಿಗಳನ್ನು ನೋಡಲು ನಾನೇ ಹೋಗಿದ್ದೆ. ಬಹಳ ಹೊತ್ತು ಅಲ್ಲೇ ಕೂತಿದ್ದೆ.

ಆದರೆ ಅದೇ ಮಿಡಲ್ಟನ್‌ನ ಶಾಲೆಯಲ್ಲಿ ಓದಿದ ಇನ್ನೊಬ್ಬ ಹುಡುಗನ ಹೆಸರು ರೆಜಿನಾಲ್ಡ್ ಡೈಯರ್. ಜಲಿಯನ್‌ವಾಲಾ ಬಾಗ್‌ನ ಡೈಯರ್. ಅವನ ಕೆಲಸವನ್ನು ಸರಿ ಎಂದ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಮೈಕಲ್ ಓಡ್ವೈಯರ್ ಟಿಪ್ಪರೇರಿಯ ಕ್ಯಾಥೊಲಿಕ್ ಐರಿಷ್‌ಮನ್. ಇದನ್ನು ನಾನು ಐರಿಷ್ ಗೆಳೆಯರಿಗೆ ಹೇಳಿದಾಗ ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ನಾವೂ ನೀವೂ ಒಂದೇ ಸಾಮ್ರಾಜ್ಯದ ಕೆಳಗೆ ನರಳಿದವರು ಅನ್ನುವ ಮಾತು ಇಬ್ಬರಿಗೂ ಹಿತ, ಅರ್ಧ ನಿಜವೂ ಹೌದು. ಇನ್ನರ್ಧವನ್ನೂ ಹೇಳಬೇಕು.

ಅದಾಗಿ ಒಂದೇ ವರ್ಷಕ್ಕೆ, ಅದೇ ಪಂಜಾಬಿನಲ್ಲಿ ಇನ್ನೊಂದು ನಡೆಯಿತು. 1920ರ ಜೂನ್ 28, ಜಲಂಧರ್. ಕನಾಟ್ ರೇಂಜರ್ಸ್ ಅನ್ನುವ ಐರಿಷ್ ಪಡೆಯ ಸೈನಿಕರು, ಅತ್ತ ಐರ್ಲೆಂಡಿನಲ್ಲಿ ಬ್ರಿಟಿಷ್ ಪಡೆಗಳು ತಮ್ಮ ಜನರನ್ನು ಹಿಂಸಿಸುತ್ತಿರುವ ಸುದ್ದಿ ಕೇಳಿ, ಇನ್ನು ಈ ಸೇನೆಗೆ ದುಡಿಯುವುದಿಲ್ಲ ಎಂದು ಬಂದೂಕು ಕೆಳಗಿಟ್ಟರು. ಸುದ್ದಿ ಬೆಟ್ಟದ ಮೇಲಿನ ಸೋಲನ್‌ಗೆ ಹೋಯಿತು, ಅಲ್ಲಿ ಜೇಮ್ಸ್ ಡೇಲಿ ಮುಂದಾದ. ಶಸ್ತ್ರಾಗಾರದ ಹತ್ತಿರ ಗುಂಡು ಹಾರಿ ಇಬ್ಬರು ಸತ್ತರು. ನವೆಂಬರ್ 2ಕ್ಕೆ ಡಗ್‌ಶಾಯಿ ಜೈಲಿನಲ್ಲಿ ಡೇಲಿಯನ್ನು ಗುಂಡಿಟ್ಟು ಕೊಂದರು. ಹಿಮಾಚಲದ ಆ ಬೆಟ್ಟದಲ್ಲೇ ಹೂತರು. ಐವತ್ತು ವರ್ಷ ಅಲ್ಲೇ ಮಲಗಿದ್ದ. 1970ರಲ್ಲಿ ಅವನ ಮೂಳೆಗಳನ್ನು ಊರಿಗೆ, ವೆಸ್ಟ್‌ಮೀತ್‌ನ ಟಿರೆಲ್ಸ್‌ಪಾಸ್‌ಗೆ, ಒಯ್ದರು. ಡಗ್‌ಶಾಯಿ ಜೈಲು ಈಗ ವಸ್ತುಸಂಗ್ರಹಾಲಯ. ಶಿಮ್ಲಾ ಕಡೆ ಹೋಗುವವರು ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗಿ ಬನ್ನಿ.

ಬ್ರಿಟಿಷರ ವಿರುದ್ಧ ಸತ್ತವರನ್ನು ನೆನೆಯುವುದು ಸುಲಭ. ಕಷ್ಟವಾದದ್ದು ತಮ್ಮವರೇ ತಮ್ಮವರನ್ನು ಕೊಂದದ್ದು. 1921ರ ಡಿಸೆಂಬರ್‌ನಲ್ಲಿ ಐರ್ಲೆಂಡಿಗೆ ಸ್ವಂತ ಸರ್ಕಾರ ಕೊಡುವ ಒಪ್ಪಂದ ಲಂಡನ್ ಜೊತೆ ಆಯಿತು, ಅದನ್ನು ಒಪ್ಪಿದವರು, ಒಪ್ಪದವರು ಎರಡಾದರು. 1922ರ ಜೂನ್ 28ಕ್ಕೆ ಅಂತರ್ಯುದ್ಧ ಶುರು. ಎರಡೇ ದಿನದಲ್ಲಿ ಡಬ್ಲಿನ್ನಿನ ದಾಖಲೆ ಭಂಡಾರ ಸುಟ್ಟುಹೋಯಿತು. ಏಳು ಶತಮಾನದ ಕಾಗದ, ಜನಗಣತಿ, ಉಯಿಲು, ಊರೂರಿನ ಲೆಕ್ಕ, ಎಲ್ಲ ಬೂದಿಯಾಗಿ ಊರಿನ ಮೇಲೆ ಉದುರಿತು. ಆಗಸ್ಟ್ 22ಕ್ಕೆ ಒಪ್ಪಂದ ಒಪ್ಪಿದವರ ನಾಯಕ ಮೈಕಲ್ ಕಾಲಿನ್ಸ್ ತನ್ನದೇ ಕಾರ್ಕ್ ಜಿಲ್ಲೆಯ ಒಂದು ಕಣಿವೆಯಲ್ಲಿ ಹೊಂಚು ಹಾಕಿದವರ ಗುಂಡಿಗೆ ಬಿದ್ದ. 1923ರ ಮಾರ್ಚ್ 7ಕ್ಕೆ ಕೆರಿ ಜಿಲ್ಲೆಯ ಬ್ಯಾಲಿಸೀಡಿಯಲ್ಲಿ ಹೊಸ ಸರ್ಕಾರದ ಸೈನಿಕರು ಒಪ್ಪಂದ ಒಪ್ಪದ ಬಣದ ಒಂಬತ್ತು ಕೈದಿಗಳನ್ನು ಸ್ಫೋಟಕದ ಸುತ್ತ ಕಟ್ಟಿ ಸಿಡಿಸಿದರು. ಎಂಟು ಮಂದಿ ಸತ್ತರು. ಸ್ಟೀಫನ್ ಫುಲರ್ ಸಿಡಿದು ದೂರ ಬಿದ್ದು ಬದುಕಿದ. ಮುಂದೆ ಸಂಸತ್ ಸದಸ್ಯನೂ ಆದ. ಆ ರಾತ್ರಿಯ ಬಗ್ಗೆ ಜನರ ಮುಂದೆ ಬಾಯಿ ಬಿಟ್ಟದ್ದು 1980ರಲ್ಲಿ. 57 ವರ್ಷ!

ಈ ಎರಡು ಬಣಗಳಿಂದ ಬಂದ ಎರಡು ಪಕ್ಷಗಳೇ ದೇಶವನ್ನು ಸರದಿಯ ಮೇಲೆ ಆಳಿದವು. ಒಟ್ಟಿಗೆ ಸರ್ಕಾರ ಮಾಡಿದ್ದು 2020ರಲ್ಲಿ. ಕಾಲಿನ್ಸ್ ಸತ್ತ ನೂರನೇ ವರ್ಷ, 2022ರ ಆಗಸ್ಟ್‌ನಲ್ಲಿ, ಆ ಕಣಿವೆಯ ಕಲ್ಲಿನ ಶಿಲುಬೆಯ ಮುಂದೆ ಎರಡೂ ಪಕ್ಷದ ನಾಯಕರು, ಮೀಹಾಲ್ ಮಾರ್ಟಿನ್ ಮತ್ತು ಲಿಯೋ ವರಾಡ್ಕರ್, ಒಂದೇ ವೇದಿಕೆಯಿಂದ ಮಾತಾಡಿದರು. ಅಂಥದ್ದು ಅಲ್ಲಿ ಅದೇ ಮೊದಲು. ವರಾಡ್ಕರ್ ಅವರ ತಂದೆ ಮುಂಬೈಯವರು. ಆ ವರ್ಷವೇ ಸುಟ್ಟ ಭಂಡಾರವನ್ನೂ ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿದರು. ಬೇರೆ ಬೇರೆ ದೇಶಗಳ ಗ್ರಂಥಾಲಯಗಳಲ್ಲಿ ಉಳಿದಿದ್ದ ನಕಲುಗಳನ್ನು ಹುಡುಕಿ, ಯಾರು ಬೇಕಾದರೂ ಓದುವ ಹಾಗೆ ಇಟ್ಟಿದ್ದಾರೆ. ನನ್ನ ಮಟ್ಟಿಗೆ ಆ ಶತಮಾನೋತ್ಸವಗಳಲ್ಲೆಲ್ಲ ಒಳ್ಳೆಯ ಕೆಲಸ ಇದೇ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ, ಪಿಯುಸಿ ಓದುತ್ತಿರಬೇಕು, ಎದ್ದು ಕೇಳಿದಳು: "ಸರ್, ಹಾಗಾದ್ರೆ ಗುಂಡು ಹೊಡೆದವರ ಹೆಸರನ್ನೂ ಬರೀಬೇಕಾ?"

ಇದನ್ನು ಐರ್ಲೆಂಡ್ ಮಾಡಿ ನೋಡಿತು. 2016ರಲ್ಲಿ ಡಬ್ಲಿನ್ನಿನ ಗ್ಲಾಸ್ನೆವಿನ್ ಸ್ಮಶಾನದಲ್ಲಿ ಒಂದು ಗೋಡೆ ಎಬ್ಬಿಸಿದರು. ಆ ವಾರ ಸತ್ತ ಎಲ್ಲರ ಹೆಸರು. ಬಂಡಾಯಗಾರರು, ಊರಿನವರು, ಮಕ್ಕಳು, ಪೊಲೀಸರು, ಬ್ರಿಟಿಷ್ ಸೈನಿಕರು, ಯಾರು ಯಾವ ಕಡೆ ಅಂತ ಬರೆಯದೆ, ಸುಮ್ನೆ ದಿನದ ಕೆಳಗೆ ಹೆಸರು. ನಾನು ನೋಡಿದಾಗ ಅದು ಹೊಸದು. ಆ ಪುಟ್ಟ ಮಗುವಿನ ಹೆಸರನ್ನು ಹುಡುಕಿದೆ, ಮೊದಲ ದಿನದ ಪಟ್ಟಿಯಲ್ಲಿತ್ತು. ಕೊಂದವರ ಹೆಸರನ್ನು ಸತ್ತ ನಮ್ಮವರ ಪಕ್ಕ ಬರೆಯುವುದಾ ಅಂತ ಕೆಲವರಿಗೆ ಸಿಟ್ಟು. ಆ ಸಿಟ್ಟನ್ನು ನಾನು ತಳ್ಳಿಹಾಕುವುದಿಲ್ಲ. ಜಲಿಯನ್‌ವಾಲಾ ಬಾಗ್‌ನಲ್ಲಿ ಹಾಗೆ ಬರೆದರೆ ನನಗೆ ಏನನ್ನಿಸುತ್ತಿತ್ತು ಅಂತ ಯೋಚಿಸಿದ್ದೇನೆ. 2017ರಲ್ಲಿ ಆ ಗೋಡೆಗೆ ಯಾರೋ ಬಣ್ಣ ಎರಚಿದರು. ತೊಳೆದರು. 2020ರಲ್ಲಿ ಸುತ್ತಿಗೆಯಿಂದ ಬಡಿದು ಒಡೆದರು. ಕೊನೆಗೆ ಆ ಗೋಡೆಯನ್ನು ಮುಂದುವರಿಸುವುದನ್ನೇ ಕೈಬಿಟ್ಟರು.

ನಾನಾದರೆ ಬರೆಯುತ್ತಿದ್ದೆ ಅಂತ ಆ ಹುಡುಗಿಗೆ ಹೇಳಿದೆ. ಅವಳು ಒಪ್ಪಲಿಲ್ಲ. ಗ್ರಂಥಾಲಯದ ಬಾಗಿಲು ಹಾಕುವವರೆಗೂ ಮೆಟ್ಟಿಲ ಮೇಲೆ ನಿಂತು ಮಾತಾಡಿದೆವು.